ಗುರುಗ್ರಹದ ಸುಳಿಗಳನ್ನೆಲ್ಲ ಲೆಕ್ಕ ಹಾಕಲೇಬೇಕಾ?

ಗುರುಗ್ರಹದ ಗಾಳಿಪಟ್ಟೆಗಳನ್ನು (ಪೂರ್ವ-ಪಶ್ಚಿಮವಾಗಿ ಬೀಸುವ ಗಾಳಿಯ ಪಟ್ಟಿಗಳನ್ನು) ತಿಳಿಯಲು ಒಂದೊಂದು ಸುಳಿಯನ್ನೂ ಕಂಪ್ಯೂಟರಿನಲ್ಲಿ ಓಡಿಸಬೇಕಾ, ಸರಾಸರಿ ಸಾಕಾಗಲ್ವಾ ಎಂದು ಕೇಳಿದ್ದೀರಿ. ಬರೀ ಸರಾಸರಿ ಸಾಲದು. ಆದರೆ ಪ್ರತಿ ಸುಳಿಯ ಬೆನ್ನು ಹತ್ತುವುದೂ ಬೇಡ.

ತೊಡಕು ಇರುವುದು ಇಲ್ಲಿ. ಸರಾಸರಿ ಗಾಳಿಗೆ ಸಮೀಕರಣ ಬರೆದರೆ, ಎರಡು ಜಾಗಗಳ ಏರಿಳಿತಗಳ ನಡುವಿನ ನಂಟು ಅದರೊಳಗೆ ಬರುತ್ತದೆ. ಆ ನಂಟಿಗೆ ಸಮೀಕರಣ ಬರೆದರೆ ಮೂರು ಜಾಗಗಳ ನಂಟು ಬೇಕು, ಅದಕ್ಕೆ ನಾಲ್ಕರದ್ದು. ಮುಗಿಯೋದೇ ಇಲ್ಲ! ಸಿಇ2 (ಎರಡನೇ ಹಂತದ ಕ್ಯುಮುಲಂಟ್ ವಿಸ್ತರಣೆ) ಎಂಬ ವಿಧಾನ ಎರಡರ ಹತ್ತಿರವೇ ಕತ್ತರಿ ಹಾಕುತ್ತದೆ. ಸುಳಿಗಳು ತಮ್ಮತಮ್ಮಲ್ಲೇ ಬೆರೆತು ಹೊಸ ಸುಳಿ ಹುಟ್ಟಿಸುವುದನ್ನು ಕೈಬಿಟ್ಟು, ಸುಳಿಗೂ ಪಟ್ಟೆಗೂ ಇರುವ ಕೊಡುಕೊಳ್ಳುವಿಕೆಯನ್ನಷ್ಟೇ ಇಟ್ಟುಕೊಳ್ಳುತ್ತದೆ.

ಗುರುವಿಗೆ ಇದು ಚೆನ್ನಾಗಿ ಒಗ್ಗುತ್ತದೆ ಅನ್ನೋದು ನನ್ನ ಅನಿಸಿಕೆ. 1979ರಲ್ಲಿ ವಾಯೇಜರ್ ನೌಕೆಗಳು ಕಂಡ ಪಟ್ಟೆಗಳ ವೇಗ, 2000ದಲ್ಲಿ ಕ್ಯಾಸಿನಿ ನೌಕೆ ನೋಡಿದಾಗಲೂ ಒಂದೆರಡು ಕಡೆ ಬಿಟ್ಟರೆ ಹೆಚ್ಚುಕಮ್ಮಿ ಹಾಗೇ ಇತ್ತು. ಸಣ್ಣ ಸುಳಿಗಳು ಮಾತ್ರ ಹುಟ್ಟುತ್ತಾ ಸಾಯುತ್ತಾ ಇರುತ್ತವೆ. (ಕೆಂಪು ಚುಕ್ಕೆಯಂಥ ಹಠಮಾರಿಯ ಮಾತು ಬೇರೆ.)

ಪಟ್ಟೆ ದುರ್ಬಲವಾಗಿ ಸುಳಿಗಳ ಜಗಳವೇ ಜಾಸ್ತಿಯಾದರೆ ಸಿಇ2 ಎಡವುತ್ತದೆ, ಪಟ್ಟೆಗಳ ಎಣಿಕೆಯೇ ತಪ್ಪಬಹುದು. ನೀವು ಬೀಟಾ-ಪ್ಲೇನ್ (ಗ್ರಹದ ತಿರುಗುವಿಕೆಯ ಪ್ರಭಾವ ಅಕ್ಷಾಂಶದ ಜೊತೆ ಬದಲಾಗುವುದನ್ನು ಉಳಿಸಿಕೊಂಡ ಸಪಾಟು ಮೇಲ್ಮೈ) ಮೇಲಿನ ಎರಡು ಆಯಾಮದ ಮಾದರಿಯಿಂದ ಶುರು ಮಾಡಿ. ಪಕ್ಕದಲ್ಲೇ ಪ್ರತಿ ಸುಳಿಯನ್ನೂ ಹಿಡಿಯುವ ನೇರ ಲೆಕ್ಕವನ್ನೂ ಓಡಿಸಿ ಹೋಲಿಸಿ ನೋಡಿ.