ಡಾಟ್ಸನ್ 510 ತಗೊಳ್ಳಲಾ, 240ಝಡ್ ತಗೊಳ್ಳಲಾ?

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಕೇಳಿದ್ದೀರಿ: 1971ರ ನಾಲ್ಕು ಬಾಗಿಲಿನ 510 ಒಂದು, 1972ರ ಸ್ಪೋರ್ಟ್ಸ್ ಕಾರು 240ಝಡ್ ಒಂದು, ಎರಡೂ ಕೈಗೆಟುಕುವ ಬೆಲೆಗೆ ಸಿಕ್ಕಿವೆ. ಇದೇ ಮೊದಲ ಹಳೇ ಕಾರು, ರಿಪೇರಿ ನಾನೇ ಕಲಿಯಬೇಕು, ಮನೆಯಲ್ಲಿ ಇಬ್ಬರು ಮಕ್ಕಳು, ಯಾವುದು ತಗೊಳ್ಳಲಿ ಅಂತ. ನನ್ನ ಹತ್ತಿರ 510 ಇದ್ದು ಒಂಬತ್ತು ವರ್ಷವಾಯ್ತು. ಗೆಳೆಯನ ಝಡ್ ಕೆಳಗೆ ಮಲಗಿ ಕಳೆದ ಭಾನುವಾರಗಳೂ ಬೇಕಾದಷ್ಟಿವೆ.

ಎಂಜಿನ್ ಚಿಂತೆ ಬಿಡಿ. 510ರದ್ದು ಎಲ್16, ನಾಲ್ಕು ಸಿಲಿಂಡರ್, 1595 ಸಿಸಿ. ಝಡ್‌ದು ಎಲ್24, ಆರು ಸಿಲಿಂಡರ್, 2393 ಸಿಸಿ. ಎರಡಕ್ಕೂ ಬೋರ್ (ಸಿಲಿಂಡರಿನ ಅಗಲ) 83 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 73.7 ಮಿ.ಮೀ. ಅದೇ ಎಂಜಿನ್‌ಗೆ ಇನ್ನೆರಡು ಸಿಲಿಂಡರ್ ಜೋಡಿಸಿದ ಹಾಗೆ! ಒಂದರಲ್ಲಿ ವಾಲ್ವ್ ಗ್ಯಾಪ್ ಹೊಂದಿಸೋದು ಕಲಿತರೆ ಇನ್ನೊಂದಕ್ಕೂ ಕೈ ಕೂರುತ್ತದೆ. ಝಡ್‌ನಲ್ಲಿ ಎರಡು ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ) ಇರುವುದರಿಂದ ಎರಡೂ ಒಂದೇ ಸಮ ಗಾಳಿ ಎಳೆಯುವಂತೆ ಹೊಂದಿಸಬೇಕು. ಅದಕ್ಕೆ ತಾಳ್ಮೆ ಬೇಕು. 510ಕ್ಕೆ ಒಂದೇ ಕಾರ್ಬುರೇಟರ್, ಬಾನೆಟ್ ಕೆಳಗೆ ಕೈ ಆಡಿಸಲು ಜಾಗವೂ ಜಾಸ್ತಿ.

ಗಟ್ಟಿತನದ ಬಗ್ಗೆ ಅನುಮಾನವೇ ಬೇಡ. ಕಾರು ಓಟಗಾರ ಎಡ್ಗರ್ ಹೆರ್ಮನ್ ಆಫ್ರಿಕಾದ ಕಚ್ಚಾ ರಸ್ತೆಗಳಲ್ಲಿ ನಡೆದ 1970ರ ಈಸ್ಟ್ ಆಫ್ರಿಕನ್ ಸಫಾರಿ ರ‍್ಯಾಲಿ ಗೆದ್ದದ್ದು 510ರಲ್ಲಿ, ಮರುವರ್ಷ ಗೆದ್ದದ್ದು 240ಝಡ್‌ನಲ್ಲಿ. 1973ರಲ್ಲಿ ಭಾರತೀಯ ಮೂಲದ ಶೇಖರ್ ಮೆಹ್ತಾ ಅದೇ ಝಡ್ ಮಾಡೆಲ್‌ನಲ್ಲಿ ಗೆದ್ದರು. ಅದನ್ನು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಜೇಬು ಸುಡುವುದು ತುಕ್ಕು. ಝಡ್‌ನಲ್ಲಿ ಮೊದಲು ಬ್ಯಾಟರಿ ತಟ್ಟೆಯ ಕೆಳಗೆ ನೋಡಿ. ಆಮ್ಲ ಸೋರಿ ಅಲ್ಲಿಂದಲೇ ತಿನ್ನಲು ಶುರುವಾಗುತ್ತದೆ. ಆಮೇಲೆ ಫ್ಲೋರ್, ಅದರ ಕೆಳಗಿನ ಫ್ರೇಮ್ ರೈಲು, ಬಾಗಿಲಿನ ಹಿಂದಿನ ಮೂಲೆ, ಹಿಂಬಾಗಿಲಿನ ಸುತ್ತ. 510ರಲ್ಲಿ ಫ್ಲೋರ್, ಬಾಗಿಲ ಕೆಳಗಿನ ಪಟ್ಟಿ, ಸ್ಟೆಪ್ನಿ ಇಡುವ ಗುಂಡಿ. ಕಾರ್ಪೆಟ್ ಎತ್ತಿಸಿಯೇ ನೋಡಿ. ಫಳಫಳ ಹೊಳೆಯುವ ಬಣ್ಣ ನೋಡಿ ನಾನು 510ಕ್ಕೆ ದುಡ್ಡು ಕೊಟ್ಟೆ. ಮನೆಗೆ ತಂದು ಕಾರ್ಪೆಟ್ ಎತ್ತಿದರೆ ಕೆಳಗೆ ನೆಲ ಕಾಣಿಸಿತು. ವೆಲ್ಡಿಂಗ್ ಮುಗಿಯಲು ಪೂರ್ತಿ ಒಂದು ಚಳಿಗಾಲ ಹಿಡಿಯಿತು. ಬಟ್ಟೆ ಸುತ್ತಿದ ಅಯಸ್ಕಾಂತ ಒಯ್ಯಿರಿ. ಅದು ಅಂಟದ ಕಡೆ ಒಳಗೆ ಪುಟ್ಟಿ ತುಂಬಿದ್ದಾರೆ ಅಂತಲೇ ತಿಳಿಯಿರಿ.

ಬಿಡಿಭಾಗದಲ್ಲಿ ಝಡ್ ಮುಂದಿದೆ. ಹೊಸ ಪ್ಯಾನೆಲ್, ರಬ್ಬರ್ ಎಲ್ಲ ಇನ್ನೂ ಮಾಡಿ ಮಾರುತ್ತಾರೆ. 510ರ ಗ್ರಿಲ್, ಲೈಟು, ಟ್ರಿಮ್ ಹುಡುಕಲು ಅಲೆಯಬೇಕಾಗುತ್ತದೆ. ಅವು ಕಾರಿನ ಜೊತೆಗೇ ಪೂರ್ತಿ ಇವೆಯಾ ನೋಡಿಕೊಳ್ಳಿ. ಕ್ಯಾಲಿಫೋರ್ನಿಯಾದ ಹೊಗೆ ಪರೀಕ್ಷೆ 1975 ಮತ್ತು ಅದಕ್ಕೂ ಹಳೆಯ ಪೆಟ್ರೋಲ್ ಕಾರುಗಳಿಗಿಲ್ಲ. ಹಾಗಾಗಿ ಆ ತಲೆನೋವು ಎರಡಕ್ಕೂ ಇಲ್ಲ.

240ಝಡ್‌ನಲ್ಲಿ ಇರುವುದೇ ಎರಡು ಸೀಟು. ಇಬ್ಬರು ಮಕ್ಕಳನ್ನು ಎಲ್ಲಿ ಕೂರಿಸುತ್ತೀರಿ? ಆ ಉದ್ದ ಮೂತಿ, ಆರು ಸಿಲಿಂಡರಿನ ಸದ್ದು ನನಗೂ ಪ್ರಾಣ, ನಿಜ. ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಫ್ಲೋರ್ ಗಟ್ಟಿಯಿರುವ 510ನ್ನೇ ತರುತ್ತಿದ್ದೆ. ಹಿಂದಿನ ಸೀಟಿನಲ್ಲಿ ಬೆಲ್ಟ್ ಸರಿಯಾಗಿದೆಯಾ ಅಂತ ಅಲ್ಲೇ ಎಳೆದು ನೋಡಿ. ನೋಡಲು ಹೋಗುವ ದಿನ ಹೇಳಿ, ಟಾರ್ಚ್ ಹಿಡಿದು ನಾನೂ ಬರುತ್ತೇನೆ.