ಸಂಪಾದಕರ ಉತ್ತರ: ಹೆಸರು ಹುಡುಕುವ ಮೊದಲು ಹುದ್ದೆ ನೋಡಿ

ಓದುಗರ ಪತ್ರ (ಸಂಕ್ಷಿಪ್ತವಾಗಿ): “ಮಾನ್ಯ ಸಂಪಾದಕರೇ, ನಾನು ವಿಶ್ವವಿದ್ಯಾಲಯವೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮಲ್ಲಿ ಬಾಹ್ಯಾಕಾಶ ಸಂಶೋಧನೆಗೆ ಒಂದು ಅಂತರಶಿಸ್ತೀಯ ಕೇಂದ್ರ ಇದೆ. ಭೌತಶಾಸ್ತ್ರ, ಎಂಜಿನಿಯರಿಂಗ್, ಕಂಪ್ಯೂಟರ್, ಜೀವಶಾಸ್ತ್ರ, ಕಾನೂನು ಹೀಗೆ ಐದು ವಿಭಾಗದವರು ಸೇರಿದ್ದಾರೆ. ನಿರ್ದೇಶಕರ ಹುದ್ದೆ ಖಾಲಿಯಾಗಿ ಒಂದು ವರ್ಷ ಆಯಿತು. ಎರಡು ಸಲ ಜಾಹೀರಾತು ಕೊಟ್ಟರೂ ಒಳ್ಳೆಯ ಅರ್ಜಿಗಳು ಬರಲಿಲ್ಲ. ಆಯ್ಕೆ ಸಮಿತಿಯಲ್ಲಿ ನಾನೂ ಇದ್ದೇನೆ. ಅರ್ಧ ಜನಕ್ಕೆ ಹೆಸರಾಂತ ವಿಜ್ಞಾನಿ ಬೇಕು. ಇನ್ನರ್ಧ ಜನಕ್ಕೆ ದೊಡ್ಡ ಪ್ರಾಜೆಕ್ಟ್ ನಡೆಸಿ ಗೊತ್ತಿರುವ ಆಡಳಿತಗಾರ ಬೇಕು. ಯಾರು ಸರಿ? ದಯವಿಟ್ಟು ನನ್ನ ಹೆಸರು ಹಾಕಬೇಡಿ.”

ಆತ್ಮೀಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಜೊತೆಗೆ ಕಳಿಸಿದ ಜಾಹೀರಾತನ್ನೂ ಓದಿದೆ. ಅರ್ಜಿ ಹಾಕುವವರು ಏನೇನು ತರಬೇಕು ಅನ್ನುವುದಕ್ಕೆ ಅದರಲ್ಲಿ ಒಂದೂವರೆ ಪುಟ ಇದೆ. ವಿಶ್ವವಿದ್ಯಾಲಯ ಅವರಿಗೆ ಏನು ಕೊಡುತ್ತದೆ ಅನ್ನುವುದಕ್ಕೆ ಸಂಬಳದ ಸಾಲು ಬಿಟ್ಟರೆ ಏನೂ ಇಲ್ಲ. ನಿಮ್ಮ ಕಷ್ಟ ಶುರುವಾಗುವುದು ಇಲ್ಲೇ ಅಂತ ನನಗೆ ಅನಿಸುತ್ತದೆ.

ಒಂದು ವಿಭಾಗದ ಮುಖ್ಯಸ್ಥರ ಕೈಯಲ್ಲಿ ಏನಿರುತ್ತದೆ ನೋಡಿ. ಹುದ್ದೆಗಳಿರುತ್ತವೆ, ಕೋರ್ಸುಗಳಿರುತ್ತವೆ, ವಿದ್ಯಾರ್ಥಿಗಳಿರುತ್ತಾರೆ. ಯಾರಿಗೆ ಬಡ್ತಿ ಅನ್ನುವಲ್ಲಿ ಅವರ ಮಾತು ನಡೆಯುತ್ತದೆ. ನಿಮ್ಮಂಥ ಕೇಂದ್ರದ ನಿರ್ದೇಶಕರಿಗೆ ಇದ್ಯಾವುದೂ ಇಲ್ಲ. ಅಲ್ಲಿ ಕೂತಿರುವ ಪ್ರತಿಯೊಬ್ಬರೂ ಯಾವುದೋ ವಿಭಾಗದಿಂದ ಎರವಲು ಬಂದವರು. ಸಂಬಳ ಅಲ್ಲಿಂದ, ಪಾಠ ಅಲ್ಲಿ, ಬಡ್ತಿಯೂ ಅಲ್ಲಿಂದಲೇ. ನಿರ್ದೇಶಕರು ಕರೆದರೆ ಬರಬಹುದು. ಬಾರದಿದ್ದರೆ ಕೇಳುವವರಿಲ್ಲ. ಇಂಥ ಕುರ್ಚಿಗೆ ಹೆಸರಾಂತ ವಿಜ್ಞಾನಿ ಬಂದರೆ ಎರಡು ವರ್ಷದಲ್ಲಿ ಬೇಸತ್ತು ತಮ್ಮ ಲ್ಯಾಬಿಗೆ ವಾಪಸಾಗುತ್ತಾರೆ. ನುರಿತ ಆಡಳಿತಗಾರ ಬಂದರೆ ಸಭೆಯ ಮೇಲೆ ಸಭೆ ನಡೆಯುತ್ತದೆ, ಕೆಲಸ ಹುಟ್ಟುವುದಿಲ್ಲ. ಅನುಭವ ಇರುವವರು ಇದನ್ನೆಲ್ಲ ಜಾಹೀರಾತು ಓದುವಾಗಲೇ ಗುರುತಿಸಿಬಿಡುತ್ತಾರೆ. ಹಾಗಾಗಿ ಅರ್ಜಿ ಹಾಕುವುದಿಲ್ಲ.

ಹಿಂದೆ ಒಮ್ಮೆ ನಾನೂ ಇಂಥದೇ ಒಂದು ಆಯ್ಕೆ ಸಮಿತಿಯಲ್ಲಿ ಹೊರಗಿನ ಸದಸ್ಯನಾಗಿದ್ದೆ. ಸಂದರ್ಶನದ ಕೊನೆಯಲ್ಲಿ ಒಬ್ಬ ಮಹಿಳೆ ನಮ್ಮನ್ನೇ ಒಂದು ಪ್ರಶ್ನೆ ಕೇಳಿದರು. “ಕೇಂದ್ರದಲ್ಲಿ ನಡೆಯುತ್ತಿರುವ ಒಂದು ಕೆಲಸ ಇನ್ನು ಸಾಕು ಅನಿಸಿದರೆ ಅದನ್ನು ನಿಲ್ಲಿಸುವ ಅಧಿಕಾರ ನನಗೆ ಇರುತ್ತದೆಯೇ?” ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರಲ್ಲೂ ಉತ್ತರ ಇರಲಿಲ್ಲ. ಮುಂದಿನ ವಾರ ಅವರು ಅರ್ಜಿ ವಾಪಸ್ ಪಡೆದರು. ಎರಡನೆಯವರನ್ನು ಆರಿಸಿದೆವು. ಅವರೂ ಒಳ್ಳೆಯವರೇ, ಆದರೆ ಮೂರೇ ವರ್ಷಕ್ಕೆ ಬಿಟ್ಟು ಹೋದರು. ಆ ಮಹಿಳೆಯ ಪ್ರಶ್ನೆಯನ್ನು ಅಂದೇ ಹಿಡಿದು ಮಾತಾಡಬೇಕಿತ್ತು. ನಾನು ಸುಮ್ಮನೆ ಕೂತೆ. ಆ ಬೇಸರ ಇನ್ನೂ ಹೋಗಿಲ್ಲ.

ಹಾಗಾಗಿ ಮೂರನೇ ಜಾಹೀರಾತು ಕೊಡುವ ಮೊದಲು ನಿಮ್ಮ ಸಮಿತಿ ಕುಲಪತಿಗಳ ಹತ್ತಿರ ಹೋಗಬೇಕು. ಕೆಲವು ವಿಷಯಗಳನ್ನು ಬರವಣಿಗೆಯಲ್ಲೇ ಪಡೆಯಬೇಕು. ಕೇಂದ್ರಕ್ಕೆ ಅಂತಲೇ ಕೆಲವು ಹುದ್ದೆಗಳು ಇರಬೇಕು. ನಾಲ್ಕಾದರೂ ಸಾಕು. ಜಂಟಿಯಾಗಿ ನೇಮಕ ಆದವರ ಬಡ್ತಿ ಸಮಿತಿಯಲ್ಲಿ ನಿರ್ದೇಶಕರಿಗೂ ಒಂದು ಸ್ಥಾನ ಬೇಕು.

ಈ ಬಡ್ತಿಯ ಮಾತು ಸಣ್ಣದಲ್ಲ. ಉಪಗ್ರಹದ ಚಿತ್ರಗಳಿಂದ ಸಮುದ್ರದ ಪಾಚಿ ಎಲ್ಲಿ ಹೇಗೆ ಬೆಳೆಯುತ್ತದೆ ಅಂತ ಓದುವ ಒಬ್ಬ ಯುವ ಸಂಶೋಧಕಿ ಇದ್ದಾಳೆ ಅಂದುಕೊಳ್ಳಿ. ಅವಳ ಪೇಪರ್ ನೋಡಿ ಜೀವಶಾಸ್ತ್ರದವರು “ಇದು ಕಂಪ್ಯೂಟರ್ ಕೆಲಸ” ಅನ್ನುತ್ತಾರೆ. ಕಂಪ್ಯೂಟರ್‌ನವರು “ಇದರಲ್ಲಿ ಹೊಸ ಅಲ್ಗಾರಿದಮ್ ಎಲ್ಲಿದೆ” ಅನ್ನುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವ ಹಾಗೆ ಆಗುತ್ತದೆ. ಎರಡು ಸಲ ಹೀಗಾದರೆ ಅವಳು ಕೇಂದ್ರದ ಕಡೆ ತಲೆ ಹಾಕುವುದಿಲ್ಲ. ಅವಳನ್ನು ನೋಡಿದ ಉಳಿದ ಯುವಕರೂ ಬರುವುದಿಲ್ಲ. ನಿರ್ದೇಶಕರು ಎಷ್ಟೇ ದೊಡ್ಡವರಾಗಿರಲಿ, ಇಂಥವಳ ಪರವಾಗಿ ಆ ಸಮಿತಿಯಲ್ಲಿ ಕೂತು ಮಾತಾಡಲು ಆಗದಿದ್ದರೆ ಅವರು ಕೇಂದ್ರ ಕಟ್ಟುವುದು ಹೇಗೆ?

ಇನ್ನೊಂದು ವಿಷಯ ದುಡ್ಡು. ಹೊರಗಿನಿಂದ ಬರುವ ಪ್ರಾಜೆಕ್ಟ್ ಹಣದಲ್ಲಿ ವಿಶ್ವವಿದ್ಯಾಲಯ ಓವರ್‌ಹೆಡ್ ಅಂತ ಹಿಡಿದುಕೊಳ್ಳುವ ಪಾಲಿನಲ್ಲಿ ಒಂದು ಭಾಗ ಕೇಂದ್ರಕ್ಕೆ ಮರಳಬೇಕು. ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಆರು ತಿಂಗಳು, ಒಂದು ವರ್ಷ ಖಾಲಿ ಹೋಗುತ್ತದೆ. ದೂಳಿಲ್ಲದ ಕ್ಲೀನ್‌ರೂಮಿನಲ್ಲಿ ಉಪಕರಣ ಜೋಡಿಸುವ ಟೆಕ್ನಿಷಿಯನ್‌ಗೆ ಆಗ ಸಂಬಳ ಕೊಡುವವರು ಯಾರು? ಅವರು ಬಿಟ್ಟು ಹೋದರೆ ಹತ್ತು ವರ್ಷದ ಕೈಚಳಕ ಅವರ ಜೊತೆಗೇ ಹೋಗುತ್ತದೆ. ಜಾಹೀರಾತು ಕೊಟ್ಟರೆ ಬೇರೊಬ್ಬರು ಸಿಗುತ್ತಾರೆ, ಆ ಕೈ ಸಿಗುವುದಿಲ್ಲ.

ಇದಕ್ಕೆಲ್ಲ ಕಾಲ ಬೇಕು ಅನ್ನುವುದೂ ನಿಜ. ಅರಿಝೋನಾ ವಿಶ್ವವಿದ್ಯಾಲಯದ ಚಂದ್ರ ಮತ್ತು ಗ್ರಹಗಳ ಪ್ರಯೋಗಾಲಯವನ್ನು ಜೆರಾರ್ಡ್ ಕೈಪರ್ 1960ರಲ್ಲಿ ಕಟ್ಟಿದರು. ಆ ಕಾಲದಲ್ಲಿ ಹೆಚ್ಚಿನ ಖಗೋಳ ವಿಜ್ಞಾನಿಗಳ ಕಣ್ಣು ನಕ್ಷತ್ರಗಳ ಮೇಲೆ, ಗೆಲಾಕ್ಸಿಗಳ ಮೇಲೆ ಇತ್ತು. ಚಂದ್ರನ ನೆಲ ಓದಲು ದೂರದರ್ಶಕದವರು ಬೇಕು, ಕಲ್ಲು ಓದುವವರು ಬೇಕು, ರಸಾಯನಶಾಸ್ತ್ರದವರೂ ಬೇಕು ಅಂತ ಕೈಪರ್ ಹೊರಟರು. ಅಲ್ಲಿ ಗ್ರಹವಿಜ್ಞಾನಕ್ಕೆ ಅಂತಲೇ ಒಂದು ವಿಭಾಗ ಆಗಿದ್ದು 1973ರಲ್ಲಿ. ಹದಿಮೂರು ವರ್ಷ ಹಿಡಿಯಿತು. ಆದರೆ ಆಯಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ವಿಜ್ಞಾನಿಯೋ, ಆಡಳಿತಗಾರರೋ?

ಅರ್ಜಿಯ ಮೇಲಿರುವ ಈ ಹಣೆಪಟ್ಟಿ ನೋಡಿ ಆರಿಸಬೇಡಿ. ಅಯೋವಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗ ನಡೆಸಿದ ಜೇಮ್ಸ್ ವ್ಯಾನ್ ಆಲೆನ್ ವಿಜ್ಞಾನಿ. ಸರ್ರೆ ವಿಶ್ವವಿದ್ಯಾಲಯದಲ್ಲಿ ಸಣ್ಣ ತಂಡ ಕಟ್ಟಿಕೊಂಡು 1981ರಲ್ಲಿ ಯುಒಸ್ಯಾಟ್-1 ಎಂಬ ಪುಟ್ಟ ಉಪಗ್ರಹ ಹಾರುವಂತೆ ಮಾಡಿದ ಮಾರ್ಟಿನ್ ಸ್ವೀಟಿಂಗ್ ಎಂಜಿನಿಯರ್. ಇಬ್ಬರ ಸುತ್ತಲೂ ಜನ ಬೆಳೆದರು. ನೀವು ನೋಡಬೇಕಾದ್ದು ಅದನ್ನು.

ವ್ಯಾನ್ ಆಲೆನ್ ಅವರ ಕಡೆಯ ಒಂದು ಸಂಗತಿ ನನಗೆ ಬಹಳ ಇಷ್ಟ. 1958ರ ಜನವರಿ 31ರಂದು ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1 ಹಾರಿತು. ಅದರಲ್ಲಿ ವಿಕಿರಣ ಎಣಿಸುವ, ಅಯೋವಾದವರ ಗೈಗರ್ ಕೌಂಟರ್ ಇತ್ತು. ಅದನ್ನು ರೂಪಿಸಿ ಕಟ್ಟುವುದರಲ್ಲಿ ಜಾರ್ಜ್ ಲಡ್ವಿಗ್ ಎಂಬ ವಿದ್ಯಾರ್ಥಿಯ ಕೈ ದೊಡ್ಡದು. ಉಪಗ್ರಹ ಮೇಲಕ್ಕೆ ಹೋದಾಗ ಕೌಂಟರ್ ಸೊನ್ನೆ ತೋರಿಸತೊಡಗಿತು. ಉಪಕರಣ ಕೆಟ್ಟಿತೇ? ಅಲ್ಲಿ ವಿಕಿರಣವೇ ಇಲ್ಲವೇ? ಆಗ ಕಾರ್ಲ್ ಮೆಕ್‌ಇಲ್‌ವೇನ್ ಎಂಬ ಇನ್ನೊಬ್ಬ ವಿದ್ಯಾರ್ಥಿ ಅಂಥದೇ ಕೌಂಟರನ್ನು ಎಕ್ಸ್-ರೇ ಯಂತ್ರದ ಮುಂದೆ ಹಿಡಿದು ನೋಡಿದ. ವಿಕಿರಣ ವಿಪರೀತ ಜಾಸ್ತಿಯಾದರೆ ಕೌಂಟರ್ ಎಣಿಸಲಾರದೆ ಸೊನ್ನೆಗೆ ಇಳಿಯುತ್ತದೆ ಅಂತ ಗೊತ್ತಾಯಿತು. ಅಂದರೆ ಆ ಸೊನ್ನೆಯ ಅರ್ಥ ಖಾಲಿ ಅಂತಲ್ಲ, ತುಂಬಿ ತುಳುಕುತ್ತಿದೆ ಅಂತ. ಭೂಮಿಯ ಸುತ್ತಲಿನ ವಿಕಿರಣ ಪಟ್ಟಿಗಳು ಹೀಗೆ ಸಿಕ್ಕವು. ಪಟ್ಟಿಗಳಿಗೆ ವ್ಯಾನ್ ಆಲೆನ್ ಹೆಸರು ಬಂತು. ಆದರೆ ಇಪ್ಪತ್ತರ ಹರೆಯದ ಹುಡುಗ ಅಂಥ ಪರೀಕ್ಷೆ ಮಾಡಿ ನೋಡುವ ಜಾಗ ಅದಾಗಿತ್ತು ಅನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಇದರ ಇನ್ನೊಂದು ಮುಖವೂ ಇದೆ. 1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಹತ್ತಿರ ಹೋಗಿ ಕಳೆದುಹೋಯಿತು. ಒಂದು ತಂಡದ ಸಾಫ್ಟ್‌ವೇರ್ ನೂಕುಬಲದ ಲೆಕ್ಕವನ್ನು ಪೌಂಡ್‌ಗಳಲ್ಲಿ ಕೊಡುತ್ತಿತ್ತು. ಇನ್ನೊಂದು ತಂಡ ಅದನ್ನು ನ್ಯೂಟನ್ ಎಂಬ ಬೇರೆ ಅಳತೆ ಅಂತಲೇ ಓದುತ್ತಿತ್ತು. ಎರಡರ ನಡುವೆ ಸುಮಾರು 4.45 ಪಟ್ಟು ವ್ಯತ್ಯಾಸ. ಈ ಕತೆ ಎಲ್ಲರಿಗೂ ಗೊತ್ತು. ಜನ ಕಡಿಮೆ ಮಾತಾಡುವುದು ಇನ್ನೊಂದು ಸಂಗತಿ. ದಾರಿ ಲೆಕ್ಕ ಹಾಕುವವರಿಗೆ ಏನೋ ಸರಿಯಿಲ್ಲ ಅನ್ನುವ ಅನುಮಾನ ಮೊದಲೇ ಬಂದಿತ್ತು. ಆ ಅನುಮಾನ ತಲುಪಬೇಕಾದವರನ್ನು ಸರಿಯಾಗಿ ತಲುಪಲಿಲ್ಲ. ನಿಮ್ಮ ಕೇಂದ್ರದಲ್ಲಿ ಐದು ವಿಭಾಗ ಇವೆ. ಒಂದೇ ಪದಕ್ಕೆ ಐದು ಅರ್ಥ ಇರುತ್ತವೆ. “ರಿಸ್ಕ್” ಅಂದರೆ ಎಂಜಿನಿಯರ್‌ಗೆ ಒಂದು, ವಕೀಲರಿಗೆ ಇನ್ನೊಂದು. ನನಗೆ ಅರ್ಥ ಆಗಲಿಲ್ಲ ಅಂತ ಎಲ್ಲರ ಮುಂದೆ ಮೊದಲು ಹೇಳಬಲ್ಲ ಮನುಷ್ಯ ನಿರ್ದೇಶಕರಾಗಿದ್ದರೆ ಉಳಿದವರೂ ಬಾಯಿ ಬಿಡುತ್ತಾರೆ.

ಕಾನೂನಿನವರು ಇಲ್ಲಿ ಯಾಕೆ ಅಂತ ನಿಮ್ಮ ಸಮಿತಿಯಲ್ಲೇ ಒಬ್ಬರು ಕೇಳಿದರು ಎಂದು ಬರೆದಿದ್ದೀರಿ. ಅವರಿಗೆ ಇದನ್ನು ಹೇಳಿ. 2009ರ ಫೆಬ್ರುವರಿ 10ರಂದು ಕೆಲಸ ಮಾಡುತ್ತಿದ್ದ ಇರಿಡಿಯಮ್-33 ಉಪಗ್ರಹಕ್ಕೂ ಸತ್ತು ಸುತ್ತುತ್ತಿದ್ದ ಕಾಸ್ಮೋಸ್-2251ಕ್ಕೂ ಡಿಕ್ಕಿಯಾಯಿತು. ನೆಲದಿಂದ ಕಂಡುಹಿಡಿಯಬಲ್ಲಷ್ಟು ದೊಡ್ಡ ಚೂರುಗಳೇ 2 ಸಾವಿರಕ್ಕೂ ಹೆಚ್ಚು ಹುಟ್ಟಿದವು. ಚೂರುಗಳು ಎಲ್ಲಿಗೆ ಹೋಗುತ್ತವೆ ಅನ್ನುವುದು ಭೌತಶಾಸ್ತ್ರ. ಅವುಗಳ ಲೆಕ್ಕ ಇಡುವುದು ಕಂಪ್ಯೂಟರ್ ಕೆಲಸ. ತಪ್ಪಿಸಿಕೊಳ್ಳುವುದು ಎಂಜಿನಿಯರಿಂಗ್. ನಷ್ಟ ಯಾರು ತುಂಬಬೇಕು ಅನ್ನುವುದಕ್ಕೆ 1972ರ ಹೊಣೆಗಾರಿಕೆ ಒಪ್ಪಂದ ನೋಡಬೇಕು. ನೆಲದ ಮೇಲೆ ಹಾನಿಯಾದರೆ ಹಾರಿಸಿದ ದೇಶ ತಪ್ಪಿರಲಿ ಬಿಡಲಿ ಹೊಣೆ ಹೊರಬೇಕು. ಕಕ್ಷೆಯಲ್ಲಿ ಆದರೆ ತಪ್ಪು ಯಾರದು ಅಂತ ತೋರಿಸಬೇಕು. ಕಕ್ಷೆಯಲ್ಲಿ ತಪ್ಪು ತೋರಿಸುವುದು ಹೇಗೆ? ವಕೀಲರು ಭೌತಶಾಸ್ತ್ರದವರ ಬಾಗಿಲು ತಟ್ಟಲೇಬೇಕು. ನಿಮ್ಮ ವಿದ್ಯಾರ್ಥಿಗಳು 10 ಸೆಂಟಿಮೀಟರ್ ಅಳತೆಯ ಒಂದು ಕ್ಯೂಬ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹ ಹಾರಿಸಿದರೂ 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಅದಕ್ಕೆ ದೇಶ ಹೊಣೆ. ಹೊಸ ನಿರ್ದೇಶಕರು ಇಂಥ ಪ್ರಶ್ನೆಗಳ ಹತ್ತಿರ ಜನರನ್ನು ಕೂರಿಸಬೇಕು. ಸುಮ್ನೆ ಐದು ವಿಭಾಗದ ಹೆಸರು ಬೋರ್ಡಿನ ಮೇಲೆ ಬರೆದರೆ ಅದು ಕೇಂದ್ರ ಆಗುವುದಿಲ್ಲ, ಅಲ್ವಾ?

ವಿದ್ಯಾರ್ಥಿಗಳ ಮಾತು ಬಂತು. ಅವರಿಗೆ ನಿಜವಾದ ಕೆಲಸ ಕೊಡುವ ಧೈರ್ಯ ಇರುವವರನ್ನು ಹುಡುಕಿ. ಕೊಲರಾಡೋ ವಿಶ್ವವಿದ್ಯಾಲಯದ ಲ್ಯಾಸ್ಪ್ ಎಂಬ ಪ್ರಯೋಗಾಲಯ 1948ರಲ್ಲೇ, ಅಂದರೆ ನಾಸಾಕ್ಕಿಂತ ಹತ್ತು ವರ್ಷ ಮೊದಲೇ ಶುರುವಾಯಿತು. ಬಾಹ್ಯಾಕಾಶದಲ್ಲಿದ್ದ ಕೆಪ್ಲರ್ ದೂರದರ್ಶಕವನ್ನು ನಡೆಸುವ ಕೆಲಸದಲ್ಲಿ ಅಲ್ಲಿನ ವಿದ್ಯಾರ್ಥಿಗಳು ಕೂತಿದ್ದರು. ಪ್ಲೂಟೊ ಕಡೆ ಹೋದ ನ್ಯೂ ಹೊರೈಜನ್ಸ್ ನೌಕೆಯಲ್ಲಿ ದೂಳಿನ ಕಣ ಎಣಿಸುವ ಉಪಕರಣವನ್ನು ಕಟ್ಟಿದ್ದೂ ಅಲ್ಲಿನ ವಿದ್ಯಾರ್ಥಿಗಳೇ. ನೌಕೆ ಹೊರಟಿದ್ದು 2006ರ ಜನವರಿಯಲ್ಲಿ, ಪ್ಲೂಟೊ ದಾಟಿದ್ದು 2015ರ ಜುಲೈಯಲ್ಲಿ.

ಆ ಅಂತರವನ್ನು ಗಮನಿಸಿ. ನಿಮ್ಮ ನಿರ್ದೇಶಕರ ಅವಧಿ ಐದು ವರ್ಷ ಅಂದುಕೊಳ್ಳಿ. ಬಾಹ್ಯಾಕಾಶದ ಒಂದು ದೊಡ್ಡ ಕೆಲಸಕ್ಕೆ ಹದಿನೈದು ಇಪ್ಪತ್ತು ವರ್ಷ. ತಮ್ಮ ಕಾಲದಲ್ಲಿ ಮುಗಿಯದ ಕೆಲಸವನ್ನು ಶುರು ಮಾಡುವ ಮನಸ್ಸು ಅವರಿಗಿರಬೇಕು. ಅರಿಝೋನಾದ ಅದೇ ಪ್ರಯೋಗಾಲಯದ ನಿರ್ದೇಶಕರಾಗಿದ್ದ ಮೈಕಲ್ ಡ್ರೇಕ್ ಒಂದು ಕ್ಷುದ್ರಗ್ರಹದಿಂದ ಮಣ್ಣು ತರುವ ಯೋಜನೆಗೆ 2004ರಲ್ಲಿ ಕೈ ಹಾಕಿದರು. ಆಗಿನ್ನೂ ಎಳೆಯರಾಗಿದ್ದ ದಾಂತೆ ಲಾರೆಟ್ಟಾ ಅವರನ್ನು ತಮ್ಮ ಜೊತೆಗೆ ಎರಡನೆಯವರಾಗಿ ಸೇರಿಸಿಕೊಂಡರು. ಪ್ರಸ್ತಾವ ಎರಡು ಸಲ ಬಿದ್ದುಹೋಯಿತು. ಮತ್ತೆ ಬರೆದರು. 2011ರ ಮೇ ತಿಂಗಳಲ್ಲಿ ನಾಸಾ ಒಪ್ಪಿತು. ಸೆಪ್ಟೆಂಬರ್‌ನಲ್ಲಿ ಡ್ರೇಕ್ ತೀರಿಕೊಂಡರು. ಲಾರೆಟ್ಟಾ ಮುಂದುವರಿಸಿದರು. ಆ ಯೋಜನೆಯ ನೌಕೆ ಒಸಿರಿಸ್-ರೆಕ್ಸ್ 2016ರಲ್ಲಿ ಹಾರಿತು. ಬೆನ್ನು ಎಂಬ ಕ್ಷುದ್ರಗ್ರಹದ 121.6 ಗ್ರಾಂ ಮಣ್ಣು ಕಲ್ಲು 2023ರ ಸೆಪ್ಟೆಂಬರ್ 24ರಂದು ಭೂಮಿಗೆ ಬಂತು. ಇದನ್ನು ಓದುವಾಗೆಲ್ಲ ನನ್ನ ಗಂಟಲು ಕಟ್ಟುತ್ತದೆ. ಎರಡನೆಯವರನ್ನು ಮೊದಲೇ ಬೆಳೆಸಿಟ್ಟಿದ್ದರಿಂದ ಕೆಲಸ ನಿಲ್ಲಲಿಲ್ಲ. ಸಂದರ್ಶನಕ್ಕೆ ಬಂದ ಪ್ರತಿಯೊಬ್ಬರನ್ನೂ ಕೇಳಿ: ನೀವು ಬಿಟ್ಟು ಬಂದ ಜಾಗದಲ್ಲಿ ಈಗ ಯಾರಿದ್ದಾರೆ? ಅವರನ್ನು ನೀವು ಹೇಗೆ ತಯಾರು ಮಾಡಿದಿರಿ? ಬಿದ್ದುಹೋದ ಒಂದು ಪ್ರಸ್ತಾವದ ಬಗ್ಗೆಯೂ ಕೇಳಿ. ಬೈಗುಳ ಎಲ್ಲ ಪರಿಶೀಲಕರಿಗೆ ಹೋದರೆ ಅದನ್ನು ಬರೆದಿಟ್ಟುಕೊಳ್ಳಿ.

ಪೇಪರ್‌ಗಳ ಎಣಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಮಟ್ಟ ದಾಟಿದ ಮೇಲೆ ನೂರಿರಲಿ ಮುನ್ನೂರಿರಲಿ, ಈ ಹುದ್ದೆಗೆ ವ್ಯತ್ಯಾಸ ಇಲ್ಲ.

ಶಿಫಾರಸು ಪತ್ರಗಳನ್ನು ಮಾತ್ರ ಬೇರೆ ಥರ ತರಿಸಿ. ಅಭ್ಯರ್ಥಿಯ ಮೇಲಿದ್ದವರಿಂದ ಎರಡು ಸಾಕು. ಅವರ ಕೈಕೆಳಗೆ ಕೆಲಸ ಮಾಡಿದ ಇಬ್ಬರು, ಅದರಲ್ಲಿ ಒಬ್ಬರು ಟೆಕ್ನಿಷಿಯನ್ ಅಥವಾ ಪಿಎಚ್‌ಡಿ ವಿದ್ಯಾರ್ಥಿ ಆಗಿದ್ದವರು, ಅವರ ಜೊತೆ ಫೋನಿನಲ್ಲಿ ಮಾತಾಡಿ. ಸಂದರ್ಶನದ ದಿನ ಅಭ್ಯರ್ಥಿಯನ್ನು ಅರ್ಧ ದಿನ ಲ್ಯಾಬಿನವರ ಜೊತೆ ಬಿಡಿ. ಸಮಿತಿಯವರು ಹತ್ತಿರ ಇರಬೇಡಿ. ಸಂಜೆ ಲ್ಯಾಬಿನವರನ್ನು ಕೇಳಿ: ಅವರು ಜಾಸ್ತಿ ಮಾತಾಡಿದರೋ, ಜಾಸ್ತಿ ಕೇಳಿಸಿಕೊಂಡರೋ? ನಮ್ಮ ಆ ಸಮಿತಿಯಲ್ಲಿ ಇದನ್ನು ಯಾರೂ ಮಾಡಲಿಲ್ಲ. ನಾನೂ ಸೂಚಿಸಲಿಲ್ಲ.

ನಿಮ್ಮ ಜಾಹೀರಾತಿನ ಪ್ರತಿಯನ್ನು ಈ ಸಂಚಿಕೆಯ ಜೊತೆ ಅಂಚೆಯಲ್ಲಿ ವಾಪಸ್ ಕಳಿಸುತ್ತಿದ್ದೇನೆ. ಅರ್ಹತೆಗಳ ಪಟ್ಟಿಯಲ್ಲಿ ಅರ್ಧದಷ್ಟನ್ನು ಪೆನ್ಸಿಲ್ಲಿನಲ್ಲಿ ಹೊಡೆದು ಹಾಕಿದ್ದೇನೆ. ಮೇಲ್ಗಡೆ ಐದು ಸಾಲಿನಷ್ಟು ಜಾಗ ಬಿಟ್ಟಿದ್ದೇನೆ. ಹುದ್ದೆಗಳೆಷ್ಟು, ಬಡ್ತಿಯಲ್ಲಿ ಮಾತು ಎಷ್ಟು, ಹಣದಲ್ಲಿ ಪಾಲು ಎಷ್ಟು, ಅವಧಿ ಎಷ್ಟು, ಬೇಡವಾದ ಕೆಲಸ ನಿಲ್ಲಿಸುವ ಅಧಿಕಾರ ಇದೆಯೋ ಇಲ್ಲವೋ. ಕುಲಪತಿಗಳನ್ನು ಭೇಟಿಯಾಗಿ ಆ ಐದು ಸಾಲು ತುಂಬಿಸಿಕೊಂಡು ಬನ್ನಿ. ತುಂಬಿದ ಮೇಲೆ ನನಗೂ ಒಂದು ಪ್ರತಿ ಕಳಿಸಿ.

– ಸಂಪಾದಕ