ಕತ್ತಲಲ್ಲಿ ಬೆಳಕಿನ ಸರ್ಕ್ಯೂಟ್

ಪ್ರಶ್ನೆ: ನಮ್ಮದು ಎಲೆಕ್ಟ್ರಾನಿಕ್ ಬೋರ್ಡ್ ತಯಾರಿಸುವ ಸಣ್ಣ ಕಂಪನಿ, ಎಂಟು ಜನ ಇದ್ದೇವೆ. ಕೈಕಟ್ಟಿ ನಿಂತ ಮಾಮೂಲಿ ಫೋಟೊ ಬೇಡವೆಂದು ಕತ್ತಲಲ್ಲಿ ಒಮ್ಮೆ ಫ್ಲ್ಯಾಶ್ ಹೊಡೆದು, ಬೆನ್ನ ಹಿಂದೆ ಟಾರ್ಚಿನಿಂದ ಸರ್ಕ್ಯೂಟ್ ಗೆರೆ ಎಳೆದೆವು. ಮುಖಗಳು ಮಸುಕು, ಗೆರೆಗಳು ಮೈಯೊಳಗಿಂದ ಹಾದಂತೆ ಬಂದಿವೆ. ತಪ್ಪೆಲ್ಲಿ?
– ಓದುಗರು, ಮೈಸೂರು

ಉತ್ತರ: ತಪ್ಪು ಎರಡು. ಕೋಣೆ ಪೂರ್ತಿ ಕತ್ತಲಾಗಿರಲಿಲ್ಲ; ಫ್ಲ್ಯಾಶ್ ಹೊಡೆದ ಮೇಲೆ ನಿಂತವರು ಜಾಗ ಬಿಟ್ಟಿದ್ದಾರೆ.

ಕ್ಯಾಮೆರಾವನ್ನು ಟ್ರೈಪಾಡಿಗೆ ಹಾಕಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಪ್ರಮಾಣ) 100, ಲೆನ್ಸಿನ ಕಿಂಡಿ ಎಫ್/8, ಶಟರ್ 15 ಸೆಕೆಂಡ್ ತೆರೆದಿರುವಂತೆ ಇಡಿ. ದೀಪ ಆರಿಸಿ, ಫ್ಲ್ಯಾಶ್ ಇಲ್ಲದೆ ಬರಿಯ ಕೋಣೆಯದೊಂದು ಫೋಟೊ ತೆಗೆಯಿರಿ. ಅಚ್ಚ ಕಪ್ಪು ಬರಬೇಕು. ಬರಲಿಲ್ಲವೇ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ. ರೌಟರ್, ಎಸಿಗಳ ಮಿಣುಕು ದೀಪಕ್ಕೆ ಕಪ್ಪು ಟೇಪು ಅಂಟಿಸಿ. ಆ ಅರೆಬೆಳಕೇ ತುಸು ಅಲುಗಾಡಿದ ಮುಖವನ್ನು ಕಲಸಿಬಿಡುವುದು. ಫೋಕಸನ್ನು ದೀಪ ಇರುವಾಗಲೇ ಮಾಡಿ ಮ್ಯಾನ್ಯುಯಲ್‌ಗೆ ಬದಲಿಸಿ. ಕತ್ತಲಲ್ಲಿ ಆಟೊಫೋಕಸ್ ಸುಮ್ಮನೆ ತಡಕಾಡುತ್ತದೆ.

ಶಟರ್ ತೆರೆದ ಕೂಡಲೇ ಫ್ಲ್ಯಾಶ್ ಹೊಡೆಯುತ್ತದೆ. ಆಮೇಲೆ 'ಆಯ್ತಲ್ಲ' ಎಂದು ಯಾರೂ ಸರಿಯಕೂಡದು. ಹಿಂದಿನ ಗೆರೆಯನ್ನು ಮರೆಮಾಡುವುದು ಅವರ ಮೈಯೇ. ಗೆರೆ ಎಳೆಯುವವರು ತಲೆಯಿಂದ ಕಾಲಿನವರೆಗೆ ಕಪ್ಪು ತೊಟ್ಟು, ಫ್ಲ್ಯಾಶ್ ಹೊಡೆಯುವಾಗ ಯಾರದಾದರೂ ಹಿಂದೆ ಬಗ್ಗಿ ಕೂತಿರಲಿ. ಟಾರ್ಚಿನ ಬಾಯಿಗೆ ಕಪ್ಪು ಕಾಗದ ಸುತ್ತಿ ಐದು ಮಿಲಿಮೀಟರ್ ತೂತು ಬಿಟ್ಟರೆ ಗೆರೆ ಸಣ್ಣಗೆ ಬರುತ್ತದೆ. ಬೆಳಕು ಸದಾ ಕ್ಯಾಮೆರಾದ ಕಡೆಗೇ ಇರಬೇಕು, ಮಣಿಕಟ್ಟು ತಿರುಗಿತೋ ಗೆರೆ ತುಂಡಾಯಿತು. ಗೆರೆ ಮಂಕಾದರೆ ಶಟರ್ ಸಮಯ ಹೆಚ್ಚಿಸಿ ಪ್ರಯೋಜನವಿಲ್ಲ, ಕೈ ನಿಧಾನವಾಗಬೇಕು. ತಿರುವುಗಳನ್ನು ಬೋರ್ಡಿನಲ್ಲಿರುವಂತೆ 45 ಡಿಗ್ರಿಗೆ ಮುರಿಯಿರಿ. ಪ್ರತಿ ಗೆರೆಯ ತುದಿಯಲ್ಲಿ ಒಂದು ಸೆಕೆಂಡ್ ಕೈ ನಿಲ್ಲಿಸಿ ನೋಡಿ: ಬೆಳಕು ಊದಿಕೊಂಡು ಬೆಸುಗೆಯ ಚುಕ್ಕಿಯಂತೆ ಕಾಣುತ್ತದೆ. ಚಿತ್ರದ ಸೊಗಸೆಲ್ಲ ಆ ಚುಕ್ಕಿಗಳಲ್ಲಿದೆ.

ಶಟರ್ ಮುಚ್ಚಿದ ಮೇಲೆ ಕ್ಯಾಮೆರಾ ಇನ್ನೂ 15 ಸೆಕೆಂಡ್ ಸುಮ್ಮನಿದ್ದರೆ ಕೆಟ್ಟಿತೆಂದು ಆಫ್ ಮಾಡಬೇಡಿ. ನಾಯ್ಸ್, ಅಂದರೆ ಚಿತ್ರದಲ್ಲಿ ಮೂಡುವ ಬೇಡದ ಚುಕ್ಕೆಗಳನ್ನು ಕಳೆಯುವ ಕೆಲಸ ನಡೆದಿರುತ್ತದೆ.

ಪ್ರಶ್ನೆ: ಕಂಪನಿಯ ಹೆಸರನ್ನೂ ಟಾರ್ಚಿನಲ್ಲೇ ಬರೆಯಬಹುದೇ? ಮುದ್ರಣಕ್ಕೆ ಎಷ್ಟು ದೊಡ್ಡ ಫೈಲ್ ಬೇಕು?
– ಓದುಗರು, ಹುಬ್ಬಳ್ಳಿ

ಉತ್ತರ: 12×8 ಇಂಚಿಗೆ 3600×2400 ಪಿಕ್ಸೆಲ್. ಹೆಸರು ಬೇಡ, ಅದಕ್ಕೆ ಮೇಲ್ಗಡೆ ಖಾಲಿ ಜಾಗ ಬಿಡಿ, ವಿನ್ಯಾಸಕಾರರು ಕೂರಿಸುತ್ತಾರೆ. ಕ್ಯಾಮೆರಾಗೆ ಎದುರಾಗಿ ನಿಂತು ಬರೆದ ಅಕ್ಷರ ಕನ್ನಡಿಯಲ್ಲಿನಂತೆ ತಿರುಗಾಮುರುಗಾ ಬೀಳುತ್ತದೆ. ಕಂಪ್ಯೂಟರಿನಲ್ಲಿ ಫೋಟೊವನ್ನೇ ತಿರುಗಿಸಿದರೆ ಅಕ್ಷರ ಸರಿಹೋಗುತ್ತದೆ, ಎಲ್ಲರ ಟೀ ಶರ್ಟಿನ ಮೇಲಿನ ಹೆಸರು ತಿರುಗಿಕೊಳ್ಳುತ್ತದೆ.